ಗುಜರಿ ಎಂದವರಿಗೆ ಉತ್ತರ

ಪ್ರಸಾರ ಕೇಂದ್ರಗಳು ಕೈಬಿಟ್ಟ ಹಳೆಯ ಮೈಕು, ಮೈಕಿನ ದನಿಯನ್ನು ಹಿಗ್ಗಿಸುವ ಪ್ರಿಆಂಪ್, ಏರುದನಿಯನ್ನು ಮಿತಿಯೊಳಗಿಡುವ ಲಿಮಿಟರ್, ಮಿಕ್ಸರ್‌ಗಳನ್ನು ಸಂಗೀತದ ಧ್ವನಿಮುದ್ರಣಕ್ಕೆ ಬಳಸುವುದಕ್ಕೆ ಎರಡು ಕಡೆಯಿಂದ ಆಕ್ಷೇಪ ಬರುತ್ತಿದೆ. ಒಂದು ಕಡೆಯವರಿಗೆ ಅವೆಲ್ಲ ಗುಜರಿ: ಮಾತಿಗೆಂದು ಮಾಡಿದ್ದು, ಗೊರಗೊರ ಎನ್ನುವಂಥದ್ದು, ಅವುಗಳ ಕೆಲಸವನ್ನು ಈಗ ಸಾಫ್ಟ್‌ವೇರ್ ಮಾಡುತ್ತದೆ. ಇನ್ನೊಂದು ಕಡೆಯವರಿಗೆ ಅವು ಪರಂಪರೆಯ ಆಸ್ತಿ: ಮುಟ್ಟಬೇಡಿ, ಬಿಚ್ಚಬೇಡಿ, ಗಾಜಿನ ಕಪಾಟಿನಲ್ಲಿಡಿ. ಒಬ್ಬರಿಗೆ ಕಸವಾದದ್ದು ಇನ್ನೊಬ್ಬರಿಗೆ ನಿಧಿಯಾಗಿದ್ದರೂ ಇಬ್ಬರ ತೀರ್ಮಾನ ಮಾತ್ರ ಒಂದೇ, ಅದರಲ್ಲಿ ಹಾಡು ಮುದ್ರಿಸಬಾರದು. ಹೀಗೆ ಪರಸ್ಪರ ಹೊಂದದ ಕಾರಣಗಳಿಂದ ಒಂದೇ ತೀರ್ಮಾನಕ್ಕೆ ಬಂದಾಗ ಕಾರಣಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು ಒಳ್ಳೆಯದು. ಅವರು ಹೇಳುವಷ್ಟೇ ಬಲವಾಗಿ ಅವರ ಮಾತನ್ನು ಮುಂದಿಟ್ಟು ಉತ್ತರ ಕೊಡುತ್ತೇನೆ. ತೀರ್ಪು ಓದುಗರದು.

ಮೊದಲ ವಾದ: ಬಾನುಲಿಯ ಉಪಕರಣ ಮಾತಿಗಾಗಿ ಹುಟ್ಟಿದ್ದು. ಮಧ್ಯಮ ತರಂಗದ ಪ್ರಸಾರದಲ್ಲಿ ಸುಮಾರು 4,500 ಹರ್ಟ್ಸ್‌ನ ಆಚೆ ಹೆಚ್ಚೇನೂ ಉಳಿಯುವುದಿಲ್ಲ. ಅಂಥ ಪ್ರಸಾರಕ್ಕೆಂದು ಮಾಡಿದ ಪೆಟ್ಟಿಗೆಯಲ್ಲಿ ಪಿಟೀಲಿನ ಮೇಲುಸ್ವರಗಳ ಹೊಳಪು ಎಲ್ಲಿಂದ ಬರಬೇಕು?

ಈ ವಾದ ಸ್ಟುಡಿಯೋವನ್ನೂ ಟ್ರಾನ್ಸ್‌ಮಿಟರನ್ನೂ ಒಂದೇ ಎಂದು ತಿಳಿದಿದೆ. ನಮ್ಮ ಭಾಗದಲ್ಲಿ ಮಧ್ಯಮ ತರಂಗದ ಕೇಂದ್ರಗಳ ನಡುವೆ ಇರುವ ಅಂತರ 9 ಕಿಲೋಹರ್ಟ್ಸ್. ಇಕ್ಕಟ್ಟು ಅಲ್ಲಿದೆ, ಟ್ರಾನ್ಸ್‌ಮಿಟರಿಗೂ ನಿಮ್ಮ ಮನೆಯ ರೇಡಿಯೋಗೂ ನಡುವಿನ ಗಾಳಿಯಲ್ಲಿ. ಸ್ಟುಡಿಯೋದೊಳಗೆ ಅದಿಲ್ಲ. ಜರ್ಮನಿಯ ಪ್ರಸಾರ ಸಂಸ್ಥೆಗಳಿಗಾಗಿ 1950ರ ದಶಕದ ಆರಂಭದಲ್ಲಿ ಬಂದ ವಿ72 ಪ್ರಿಆಂಪ್‌ನ ವ್ಯಾಪ್ತಿ 40ರಿಂದ 15,000 ಹರ್ಟ್ಸ್. ಮಾತಷ್ಟನ್ನೇ ದಾಟಿಸಲು ಯಾರೂ ಇಷ್ಟು ಶ್ರಮಪಡುವುದಿಲ್ಲ. ಅಷ್ಟಕ್ಕೂ ಆ ಕಾಲದಲ್ಲಿ ಸಂಗೀತದ ದೊಡ್ಡ ಪೋಷಕರೇ ಬಾನುಲಿ ಸಂಸ್ಥೆಗಳು. ಬಿಬಿಸಿ ತನ್ನದೇ ಸಿಂಫನಿ ವಾದ್ಯವೃಂದವನ್ನು ಕಟ್ಟಿದ್ದು 1930ರಲ್ಲಿ. ಅಮೆರಿಕದ ಎನ್‌ಬಿಸಿ ವಾದ್ಯವೃಂದ ನಿರ್ದೇಶಕ ತೊಸ್ಕನೀನಿಗಾಗಿಯೇ ಒಂದು ವಾದ್ಯವೃಂದ ಕಟ್ಟಿ 1937ರಲ್ಲಿ ಅವನ ಕೈಗಿಟ್ಟಿತು. ನಮ್ಮ ಆಕಾಶವಾಣಿ 1952ರಲ್ಲಿ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಆರಂಭಿಸಿತು. ಕಾಲವಾದ ಎಷ್ಟೋ ವಿದ್ವಾಂಸರ ಕಛೇರಿಗಳು ಇಂದು ನಮ್ಮ ಕಿವಿಗೆ ಬೀಳುತ್ತಿರುವುದು ಬಾನುಲಿಯ ಸ್ಟುಡಿಯೋದಲ್ಲಿ, ಬಾನುಲಿಯ ಮೈಕಿನ ಮುಂದೆ ಅವರು ಕೂತಿದ್ದರಿಂದ. ಆ ಮುದ್ರಿಕೆಗಳನ್ನು ಕೇಳಿ ತಲೆದೂಗುವವರೇ ಮರುದಿನ ಆ ಜಾತಿಯ ಮೈಕು ಸಂಗೀತಕ್ಕೆ ಆಗದು ಎನ್ನುತ್ತಾರೆ. ಎರಡರಲ್ಲಿ ಒಂದನ್ನು ಅವರು ಹಿಂತೆಗೆದುಕೊಳ್ಳಬೇಕು.

ಎರಡನೆಯ ವಾದಕ್ಕೆ ಮನಶ್ಶಾಸ್ತ್ರದ ವೇಷ. ಇದೆಲ್ಲ ಹಳೆಯದರ ಮೇಲಿನ ಮೋಹ, ಇತ್ತೀಚಿನ ಶೋಕಿ. ವಾಲ್ವಿನ ಕೆಂಪು ಬೆಳಕು, ದಪ್ಪ ಗುಂಡಿ, ಮುಳ್ಳಾಡುವ ಮೀಟರು ಕಣ್ಣನ್ನು ಮರುಳು ಮಾಡುತ್ತವೆ, ಕಿವಿ ಅದನ್ನು ಹಿಂಬಾಲಿಸುತ್ತದೆ ಎಂಬುದು ಅದರ ಸಾರ.

ಮೋಹದಿಂದ ಆದದ್ದೆನ್ನಬೇಕಾದರೆ ವಸ್ತು ಮೊದಲು ಹಳೆಯದಾಗಿರಬೇಕು. ಇತಿಹಾಸ ನೋಡಿ. 1945ರಲ್ಲಿ ಜರ್ಮನಿ ಸೋತ ಮೇಲೆ ಅಮೆರಿಕದ ಸೇನೆಯ ಜಾಕ್ ಮಲಿನ್ ಎಂಬ ಎಂಜಿನಿಯರು ಬಾದ್ ನೌಹೈಮ್‌ನ ಬಾನುಲಿ ಕೇಂದ್ರದಲ್ಲಿ ಮ್ಯಾಗ್ನೆಟೊಫೋನ್ ಎಂಬ ಟೇಪ್ ಯಂತ್ರವನ್ನು ಕಂಡ. ಎರಡು ಯಂತ್ರಗಳ ಬಿಡಿಭಾಗಗಳನ್ನೂ 50 ಸುರುಳಿ ಟೇಪನ್ನೂ ಮನೆಗೆ ಕಳಿಸಿದ. ಗಾಯಕ ಬಿಂಗ್ ಕ್ರಾಸ್ಬಿ ತನ್ನ ಬಾನುಲಿ ಕಾರ್ಯಕ್ರಮವನ್ನು ಆ ಯಂತ್ರಗಳಲ್ಲಿ ಮುದ್ರಿಸತೊಡಗಿದ್ದು 1947ರಲ್ಲಿ. ಮರುವರ್ಷ ಆಂಪೆಕ್ಸ್ ಕಂಪನಿ ಅವುಗಳ ಮಾದರಿಯಲ್ಲಿ ತನ್ನ ಮೊದಲ ಯಂತ್ರಗಳನ್ನು ಹೊರತಂದಿತು. ಕ್ರಾಸ್ಬಿ ಕೊಟ್ಟ ಒಂದು ಆಂಪೆಕ್ಸ್‌ಗೆ ಗಿಟಾರ್ ವಾದಕ ಲೆಸ್ ಪಾಲ್ ಇನ್ನೊಂದು ಹೆಡ್ ಕೂಡಿಸಿ ತನ್ನ ವಾದನದ ಮೇಲೆ ತನ್ನದೇ ವಾದನವನ್ನು ಪದರಪದರವಾಗಿ ಏರಿಸಿದ. ಇಂದು ಯಾವ ಸ್ಟುಡಿಯೋದಲ್ಲೂ ಟ್ರ್ಯಾಕಿನ ಮೇಲೆ ಟ್ರ್ಯಾಕು ಹಾಕುವ ಪದ್ಧತಿಯ ಹಿಂದೆ ಬಾನುಲಿಯ ಯಂತ್ರವನ್ನು ಬೇರೆ ಕೆಲಸಕ್ಕೆ ತಿರುಗಿಸಿದ ಆ ಕೈ ಇದೆ. ಅದು ಹೊಚ್ಚಹೊಸ ಯಂತ್ರವಾಗಿತ್ತು. ಅಲ್ಲಿ ಯಾವ ಗತಕಾಲದ ಮೋಹವಿತ್ತು?

ಮೆಂಫಿಸ್‌ನ ಸ್ಯಾಮ್ ಫಿಲಿಪ್ಸ್ ಬಾನುಲಿ ಎಂಜಿನಿಯರು. 1950ರ ಜನವರಿಯಲ್ಲಿ ಪುಟ್ಟ ಸ್ಟುಡಿಯೋ ತೆರೆದಾಗ ಅವನು ಇಟ್ಟುಕೊಂಡದ್ದು ಆರ್‌ಸಿಎ ಕಂಪನಿ ಬಾನುಲಿ ಕೇಂದ್ರಗಳಿಗೆಂದು ಮಾಡಿದ 76-ಡಿ ಎಂಬ ಮಿಕ್ಸರ್. ಬ್ಲೂಸ್ ಗಾಯಕ ಹೌಲಿನ್ ವುಲ್ಫ್‌ನ ಧ್ವನಿ 1951ರಲ್ಲಿ, ಎಲ್ವಿಸ್ ಪ್ರೆಸ್ಲಿಯ ಬಿಡುಗಡೆಯಾದ ಮೊದಲ ಹಾಡು 1954ರಲ್ಲಿ ಮುದ್ರಣಗೊಂಡದ್ದು ಅಲ್ಲೇ. ಲಂಡನ್ನಿನ ಆ್ಯಬಿ ರೋಡ್‌ನಲ್ಲಿ ಬೀಟಲ್ಸ್‌ನ ಮೊದಲ ಆಲ್ಬಮ್ಮಿನ ಹಿಂದಿದ್ದ ರೆಡ್.37 ಎಂಬ ಮಿಕ್ಸರಿನ ಎದೆಯಲ್ಲಿದ್ದದ್ದು ವಿ72ಎಸ್, ಅಂದರೆ ಜರ್ಮನ್ ಬಾನುಲಿಯ ಪ್ರಿಆಂಪನ್ನೇ ಇಎಂಐ ಕಂಪನಿಗಾಗಿ ಸ್ವಲ್ಪ ತಿದ್ದಿದ ರೂಪ. ನೋಯ್‌ಮನ್ ಕಂಪನಿಯ ಎಂ49 ಮೈಕಿನ ವಿನ್ಯಾಸ ಬೆಳೆದದ್ದು ವಾಯವ್ಯ ಜರ್ಮನಿಯ ಬಾನುಲಿ ಸಂಸ್ಥೆಯ ಪ್ರಯೋಗಾಲಯದಲ್ಲಿ. ಪ್ರತಿಧ್ವನಿಗಾಗಿ ಉಕ್ಕಿನ ತಗಡನ್ನು ತೂಗುಹಾಕಿದ ಇಎಂಟಿ 140 ಎಂಬ ಸುಮಾರು 270 ಕಿಲೋ ತೂಕದ ಪೆಟ್ಟಿಗೆ 1957ರಲ್ಲಿ ಹೊರಬಂದದ್ದೂ ಜರ್ಮನ್ ಬಾನುಲಿಯ ಸಂಶೋಧನೆಯಿಂದಲೇ. ಆಮೇಲಿನ ದಶಕಗಳ ಹಾಡುಗಳಲ್ಲಿ ಅದರ ಗುಂಗು ಎಷ್ಟಿದೆಯೆಂದು ಎಣಿಸುವುದು ಕಷ್ಟ. ಶ್ಯೂರ್ ಕಂಪನಿ ಉದ್ಘೋಷಕರ ಮೇಜಿಗೆ ಕಳಿಸಿದ ಎಸ್‌ಎಂ7 ಮೈಕಿನಲ್ಲಿ ಮೈಕಲ್ ಜಾಕ್ಸನ್‌ನ ಥ್ರಿಲ್ಲರ್ ಆಲ್ಬಮ್ಮಿನ ಗಾಯನ ಮುದ್ರಣವಾಯಿತು.

ಪ್ರತಿವಾದಿಗಳು ಇಲ್ಲೊಂದು ಪಟ್ಟು ಹಾಕುತ್ತಾರೆ. ಅವೆಲ್ಲ ಹೇಗೋ ಸಂಗೀತಕ್ಕೆ ಹೊಂದಿಕೊಂಡ ಉಪಕರಣಗಳು, ಅಪವಾದಗಳು ಎನ್ನುತ್ತಾರೆ. ಹಾಗಾದರೆ ಸಂಗೀತದೊಂದಿಗೆ ಯಾವ ನಂಟೂ ಇಲ್ಲದ ಉಪಕರಣಕ್ಕೇ ಬರೋಣ. ಕಲೋನ್‌ನ ಬಾನುಲಿ ಕೇಂದ್ರದಲ್ಲಿ 1953ರಲ್ಲಿ ಸಂಯೋಜಕ ಸ್ಟಾಕ್‌ಹೌಸನ್ ಸ್ವರಸಂಯೋಜನೆ ಮಾಡಿದ್ದು ತಂತಿಮಾರ್ಗಗಳ ದೋಷ ಹುಡುಕಲು ತಂತ್ರಜ್ಞರು ಇಟ್ಟುಕೊಂಡಿದ್ದಂಥ ಅಳತೆಯ ಆಸಿಲೇಟರಿನಿಂದ. 1958ರಲ್ಲಿ ಡ್ಯಾಫ್ನಿ ಓರಮ್ ಮತ್ತು ಡೆಸ್ಮಂಡ್ ಬ್ರಿಸ್ಕೋ ಬಿಬಿಸಿಯೊಳಗೆ ಆರಂಭಿಸಿದ ರೇಡಿಯೊಫೋನಿಕ್ ವರ್ಕ್‌ಶಾಪ್‌ಗೆ ಸಿಕ್ಕಿದ್ದು ಬೇರೆ ವಿಭಾಗಗಳು ಬೇಡವೆಂದು ಬಿಟ್ಟ ಸಾಮಾನು. 1963ರಲ್ಲಿ ಡೀಲಿಯ ಡರ್ಬಿಶೈರ್ ಡಾಕ್ಟರ್ ಹೂ ಧಾರಾವಾಹಿಯ ಶೀರ್ಷಿಕೆ ಸಂಗೀತವನ್ನು ಪರೀಕ್ಷೆಯ ಆಸಿಲೇಟರು, ಕತ್ತರಿಸಿ ಅಂಟಿಸಿದ ಟೇಪಿನ ಚೂರುಗಳಿಂದ ಕಟ್ಟಿದಳು. ಮಾತಿಗೂ ಸಲ್ಲದ, ಸಂಗೀತಕ್ಕೂ ಸಲ್ಲದ, ಬರೀ ಅಳತೆಯ ಉಪಕರಣ ಸಂಗೀತವಾಯಿತು. ಅಪವಾದಗಳ ಪಟ್ಟಿ ಇಷ್ಟು ಉದ್ದವಾದ ಮೇಲೆ ನಿಯಮ ಎಲ್ಲಿದೆಯೆಂದು ತೋರಿಸುವ ಹೊಣೆ ಅವರದು.

ಈಗ ಸದ್ದಿನ ವಾದ. ಗುಜರಿ ಪಕ್ಷದ ಬಲವಾದ ಅಸ್ತ್ರ ಇದೇ, ಏಕೆಂದರೆ ಇದಕ್ಕೆ ಅಂಕಿಗಳ ಬೆಂಬಲವಿದೆ. ಧ್ವನಿಯನ್ನು ಕಂಪ್ಯೂಟರಿಗೆ ಮುಟ್ಟಿಸುವ ಇಂದಿನ ಸಾಧಾರಣ ಇಂಟರ್‌ಫೇಸ್ ಕೂಡ 110-120 ಡೆಸಿಬೆಲ್ ವ್ಯಾಪ್ತಿಯನ್ನು ಹೇಳಿಕೊಳ್ಳುತ್ತದೆ. ವಾಲ್ವಿನ ಪ್ರಿಆಂಪ್ ಅದರ ಹತ್ತಿರಕ್ಕೂ ಸುಳಿಯದು, ಆದ್ದರಿಂದ ಅದರಲ್ಲಿ ಮುದ್ರಿಸುವುದೆಂದರೆ ಸದ್ದನ್ನು ಬೇಕೆಂದೇ ಕೊಂಡುತಂದಂತೆ ಎನ್ನುತ್ತಾರೆ.

ಅಂಕಿಗಳಿಂದಲೇ ಉತ್ತರ ಹೇಳೋಣ. ಇನ್ನೂರು ಓಮ್ ರೋಧದ ಮೈಕು ಸುಮ್ಮನೆ ಇದ್ದರೂ ಉಷ್ಣತೆಯಿಂದಲೇ ಅದರಲ್ಲಿ ಸದ್ದು ಹುಟ್ಟುತ್ತದೆ. ಇಪ್ಪತ್ತು ಕಿಲೋಹರ್ಟ್ಸ್ ಪಟ್ಟಿಯಲ್ಲಿ ಅದು ಸುಮಾರು -130 ಡಿಬಿಯು (ವಿದ್ಯುತ್ ಸಂಕೇತದ ಮಟ್ಟವನ್ನು ಹೇಳುವ ಡೆಸಿಬೆಲ್ ಅಳತೆ). ಜಗತ್ತಿನ ಯಾವ ಪ್ರಿಆಂಪೂ ಇದನ್ನು ತಗ್ಗಿಸಲಾರದು. ಹಳೆಯ ಪ್ರಿಆಂಪ್ ಇದಕ್ಕಿಂತ ಹತ್ತು ಡೆಸಿಬೆಲ್ ಹೆಚ್ಚು ಸದ್ದು ಮಾಡುತ್ತದೆಂದು ಒಪ್ಪೋಣ, -120. ಇನ್ನು ಕೋಣೆ. ಚೆನ್ನಾಗಿ ಮುಚ್ಚಿದ, ಫ್ಯಾನ್ ನಿಲ್ಲಿಸಿದ ಕೋಣೆಯಲ್ಲೂ 30 ಡೆಸಿಬೆಲ್‌ನಷ್ಟು ಹಿನ್ನೆಲೆ ಸದ್ದು ಇದ್ದೇ ಇರುತ್ತದೆ. ಒಂದು ಪ್ಯಾಸ್ಕಲ್‌ಗೆ 20 ಮಿಲಿವೋಲ್ಟ್ ಕೊಡುವ ಕಂಡೆನ್ಸರ್ ಮೈಕು ಆ ಕೋಣೆಯ ಸದ್ದನ್ನು -96 ಡಿಬಿಯು ಮಟ್ಟದಲ್ಲಿ ಹೊರಹಾಕುತ್ತದೆ. ಅಂದರೆ ನಿಮ್ಮ ಕೋಣೆಯ ಸದ್ದು ಆ ಹಳೆಯ ಪ್ರಿಆಂಪಿನ ಸದ್ದಿಗಿಂತ 24 ಡೆಸಿಬೆಲ್ ಮೇಲಿದೆ. ದೂರುವುದಾದರೆ ಕಿಟಕಿಯನ್ನು ದೂರಿ.

ಈ ಲೆಕ್ಕ ಒಂದು ಕಡೆ ಕೈಕೊಡುತ್ತದೆ. ಅದನ್ನು ಪ್ರತಿವಾದಿಗಳಿಗಿಂತ ಮೊದಲು ನಾನೇ ಹೇಳುತ್ತೇನೆ. ರಿಬ್ಬನ್ ಮೈಕು ಕೊಡುವುದು ಪ್ಯಾಸ್ಕಲ್‌ಗೆ ಒಂದು ಮಿಲಿವೋಲ್ಟಿನ ಆಸುಪಾಸು. ಅದನ್ನು ದೂರದಲ್ಲಿಟ್ಟು ವೀಣೆಯಂಥ ಮೆಲುದನಿಯ ವಾದ್ಯವನ್ನು ಮುದ್ರಿಸಿದರೆ ಹಳೆಯ ಪ್ರಿಆಂಪಿನ ಸದ್ದು ನಿಜವಾಗಿಯೂ ಕೇಳುತ್ತದೆ. ಅಲ್ಲಿ ಹೊಸ ಪ್ರಿಆಂಪ್ ಬಳಸಿ. ಆ ಒಂದು ಜೋಡಣೆಗೆ ಅವರ ವಾದ ಸರಿ. ಅದನ್ನು ಹಿಡಿದುಕೊಂಡು ನಾಗಸ್ವರ, ಡೋಲು, ತಾರಸ್ಥಾಯಿಯ ಗಾಯನ, ಗಿಟಾರು ಎಲ್ಲಕ್ಕೂ ಅದೇ ತೀರ್ಪು ಕೊಡುವುದು ಲೆಕ್ಕ ಗೊತ್ತಿರುವವರ ಕೆಲಸವಲ್ಲ.

ಲಿಮಿಟರಿನ ಮೇಲಿನ ಆರೋಪ ಇನ್ನೂ ಸ್ವಾರಸ್ಯದ್ದು. ಬಾನುಲಿಯ ಲಿಮಿಟರ್ ಇರುವುದು ಟ್ರಾನ್ಸ್‌ಮಿಟರನ್ನು ಕಾಯಲು; ಸಂಗೀತದ ಏರಿಳಿತವನ್ನು ತುಳಿದು ಚಪ್ಪಟೆ ಮಾಡುವುದೇ ಅದರ ಹುಟ್ಟುಗುಣ; ಅದನ್ನು ಗಾಯಕಿಯ ದನಿಯ ಮೇಲೆ ಬಿಡುವುದು ಅಪರಾಧ ಎನ್ನುತ್ತಾರೆ.

ಮೊದಲರ್ಧ ನಿಜ. ಎಎಂ ಪ್ರಸಾರದಲ್ಲಿ ಧ್ವನಿ ಮಿತಿ ಮೀರಿದರೆ ವಾಹಕ ತರಂಗವೇ ಕ್ಷಣಕಾಲ ಕಡಿದುಹೋಗುತ್ತದೆ, ಅದರ ಗೀರು ಪಕ್ಕದ ಕೇಂದ್ರದ ಮೇಲೂ ಬೀಳುತ್ತದೆ. ಅದನ್ನು ತಡೆಯಲು ಲಿಮಿಟರ್ ಬಂತು. ಆದರೆ ಅದು ಬದುಕಿದ ಪರಿಸರವನ್ನು ಪ್ರತಿವಾದಿಗಳು ಮರೆಯುತ್ತಾರೆ. ಬೆಳಗಿನಿಂದ ರಾತ್ರಿಯವರೆಗೆ ವಾರ್ತೆ, ನಾಟಕ, ವಾದ್ಯವೃಂದ, ಜಾಹೀರಾತು ಎಲ್ಲದರ ಮೇಲೂ ಅದು ಕೂತಿರಬೇಕಿತ್ತು, ಕೂತಿರುವುದು ಕೇಳುಗರಿಗೆ ತಿಳಿಯಬಾರದಿತ್ತು. ತಿಳಿದರೆ ಮುಖ್ಯ ಎಂಜಿನಿಯರಿಗೆ ದೂರು. ತಾನಿರುವುದನ್ನು ಮರೆಸುವ ಶಿಸ್ತನ್ನು ಇಷ್ಟು ಕಟ್ಟುನಿಟ್ಟಾಗಿ ಕಲಿತ ಉಪಕರಣ ಬೇರೊಂದಿಲ್ಲ. ಟೆಲಿಟ್ರಾನಿಕ್ಸ್ ಕಂಪನಿಯ ಜಿಮ್ ಲಾರೆನ್ಸ್ ಪ್ರಸಾರಕ್ಕಾಗಿಯೇ ಯೋಚಿಸಿ ಮಾಡಿದ ಎಲ್‌ಎ-2ಎ ನೋಡಿ. ಧ್ವನಿ ಏರಿದಂತೆ ಬೆಳಗುವ ಒಂದು ಫಲಕ, ಆ ಬೆಳಕಿಗೆ ತಕ್ಕಂತೆ ರೋಧ ಬದಲಿಸುವ ಒಂದು ಕೋಶ, ಇವೆರಡೇ ಅದರ ಜೀವ. ಧ್ವನಿ ಇಳಿದಾಗ ಅದರ ಹಿಡಿತ ಅರ್ಧದಷ್ಟು 60 ಮಿಲಿಸೆಕೆಂಡಿನಲ್ಲಿ ಸಡಿಲುತ್ತದೆ. ಉಳಿದರ್ಧ ಸಡಿಲಲು ಅರ್ಧ ಸೆಕೆಂಡಿನಿಂದ ಐದು ಸೆಕೆಂಡು ಬೇಕು, ಎಷ್ಟು ಹೊತ್ತು ಎಷ್ಟು ಬಿಗಿದಿತ್ತು ಎಂಬುದರ ಮೇಲೆ. ಒಂದು ವ್ಯಂಜನ ಸಿಡಿದರೆ ಥಟ್ಟನೆ ಬಿಡುತ್ತದೆ, ಉದ್ದನೆಯ ಕಾರ್ವೆಯನ್ನು ನಿಧಾನವಾಗಿ ಬಿಡುತ್ತದೆ. ಹಾಡುವವರ ಉಸಿರಿಗೆ ಇಷ್ಟು ಹತ್ತಿರದ ನಡೆ ಗಣಿತ ಬರೆದು ಸಾಧಿಸಿದ್ದಲ್ಲ, ಆ ಕೋಶದ ಸ್ವಭಾವವೇ ಹಾಗೆ.

ಇನ್ನು ಚಪ್ಪಟೆಯಾದ ಧ್ವನಿಗೆ ಅವರು ಕೊಡುವ ಪುರಾವೆ ಯಾವುದು? ಎಫ್‌ಎಂ ವಾಹಿನಿಗಳ ಕಿರುಚಾಟ. ಅದು ಧ್ವನಿಯನ್ನು ಪಟ್ಟಿಪಟ್ಟಿಯಾಗಿ ಸೀಳಿ ಒತ್ತುವ ಪ್ರೊಸೆಸರುಗಳ ಕೆಲಸ. ಎಫ್‌ಎಂ ಪ್ರಸಾರಕ್ಕೆ ಹೆಸರಾಂತ ಆಪ್ಟಿಮಾಡ್ ಬಂದದ್ದೇ 1975ರಲ್ಲಿ. ಕಿರುಚಾಟದ ಪೈಪೋಟಿ ಅದಕ್ಕೂ ಆಮೇಲಿನ ಮಾತು. ಮೊಮ್ಮಗನ ಅಪರಾಧಕ್ಕೆ ತಾತನನ್ನು ಕಟಕಟೆಗೆ ಎಳೆದು ತಂದಿದ್ದಾರೆ.

ಈಗ ಎಲ್ಲರ ಬಾಯಲ್ಲೂ ಇರುವ ಮಾತು: ಇದನ್ನೆಲ್ಲ ಪ್ಲಗಿನ್ ಎಂಬ ಸಾಫ್ಟ್‌ವೇರ್ ಮಾಡುತ್ತದೆ, ಕಡಿಮೆ ಬೆಲೆಗೆ, ದೂಳಿಲ್ಲದೆ.

ಈ ಮಾತನ್ನು ಹಿಂದಿನ ವಾದಗಳಲ್ಲಿ ಮೂರರ ಪಕ್ಕದಲ್ಲಿಟ್ಟು ನೋಡಿ. ಹಳೆಯ ಉಪಕರಣ ಮಾತಿಗಷ್ಟೇ ಯೋಗ್ಯ, ಗೊರಗೊರ ಎನ್ನುತ್ತದೆ, ಸಂಗೀತವನ್ನು ತುಳಿಯುತ್ತದೆ ಎಂದವರೇ ಅದನ್ನು ಚಾಚೂತಪ್ಪದೆ ಅನುಕರಿಸುವ ಸಾಫ್ಟ್‌ವೇರನ್ನು ಹಣ ಕೊಟ್ಟು ಕೊಳ್ಳುತ್ತಾರೆ. ಗುಜರಿಯ ನಕಲಿಗೆ ಬೆಲೆ ಇದೆ, ಗುಜರಿಗೆ ಇಲ್ಲ! ನಕಲು ಚೆನ್ನಾಗಿದೆ ಎಂಬುದು ಮೂಲಕ್ಕೆ ಸಿಕ್ಕ ಪ್ರಮಾಣಪತ್ರ. ಪ್ಲಗಿನ್ನಿನ ವಾದವನ್ನು ಹಿಡಿದ ಕ್ಷಣದಲ್ಲೇ ಆ ಮೂರನ್ನು ಅವರು ಕೈಬಿಟ್ಟಂತಾಯಿತು.

ಪ್ಲಗಿನ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮುದ್ರಣವಾದ ಮೇಲೆ ಒಂದೇ ಲಿಮಿಟರನ್ನು ಇಪ್ಪತ್ತು ಟ್ರ್ಯಾಕಿಗೆ ಹಾಕಬೇಕಾದಾಗ ಅದಕ್ಕೆ ಸಾಟಿಯಿಲ್ಲ. ಆದರೆ ಅದು ಕೆಲಸ ಆರಂಭಿಸುವುದು ಧ್ವನಿ ಅಂಕಿಯಾದ ಮೇಲೆ. ಮೈಕಿಗೂ ಪ್ರಿಆಂಪಿಗೂ ನಡುವೆ ತಂತಿಯಲ್ಲಿ ನಡೆಯುವ ವ್ಯವಹಾರ ಅದಕ್ಕೆ ಎಟುಕದು. ರಿಬ್ಬನ್ ಮೈಕಿನ ಒಳರೋಧ ಎಲ್ಲ ಸ್ವರಕ್ಕೂ ಒಂದೇ ಅಲ್ಲ. ರಿಬ್ಬನ್ ಅನುರಣಿಸುವ ಕೆಳಸ್ಥಾಯಿಯಲ್ಲಿ ಅದು ಏರುತ್ತದೆ. ಆದ್ದರಿಂದ ಪ್ರಿಆಂಪಿನ ಟ್ರಾನ್ಸ್‌ಫಾರ್ಮರ್ ಆ ಮೈಕಿನ ಮೇಲೆ ಎಷ್ಟು ಭಾರ ಹಾಕುತ್ತದೆ ಎಂಬುದರಿಂದ ಮೈಕಿನ ನಾದವೇ ಬದಲಾಗುತ್ತದೆ. ಆ ಕ್ಷಣ ಕಳೆದ ಮೇಲೆ ಯಾವ ಸಾಫ್ಟ್‌ವೇರೂ ಆ ಭಾರವನ್ನು ಹಿಂದಕ್ಕೆ ಹೋಗಿ ಹಾಕಲಾರದು. ಟ್ರಾನ್ಸ್‌ಫಾರ್ಮರಿನ ಕಬ್ಬಿಣವೂ ಹಾಗೆಯೇ. ಅದರೊಳಗಿನ ಕಾಂತಪ್ರವಾಹ ವೋಲ್ಟೇಜನ್ನು ಆವರ್ತನದಿಂದ ಭಾಗಿಸಿದಷ್ಟು. ಒಂದೇ ವೋಲ್ಟೇಜಿಗೆ 1,000 ಹರ್ಟ್ಸ್‌ಗಿಂತ 50 ಹರ್ಟ್ಸ್‌ನಲ್ಲಿ ಇಪ್ಪತ್ತು ಪಟ್ಟು. ಹೀಗಾಗಿ ಕಬ್ಬಿಣ ಮೊದಲು ತುಂಬಿ ಬರುವುದು ಮೃದಂಗದ ತೊಪ್ಪಿಯ ಗುಂಕಿಗೆ, ಛಾಪಿನ ನಾದಕ್ಕಲ್ಲ. ಇದನ್ನು ಅನುಕರಿಸಿ ಬರೆಯಬಹುದು, ಬರೆದಿದ್ದಾರೆ. ಅನುಕರಿಸಲು ಬೇಕಾದ ಮೂಲ ಎಲ್ಲಿಂದ ಬಂತು? ಯಾರೋ ಆ ಪೆಟ್ಟಿಗೆಯನ್ನು ತೂಕಕ್ಕೆ ಮಾರದೆ ಉಳಿಸಿ, ರಿಪೇರಿ ಮಾಡಿ, ಅದರಲ್ಲಿ ಸಂಗೀತ ಮುದ್ರಿಸುತ್ತಿದ್ದರು. ಆ ಉಪಕರಣಗಳಿಗೆ ಹೆಸರು ಬಂದದ್ದೇ ಆ ಬಳಕೆಯಿಂದ.

ಜೋಡಣೆ ಮತ್ತು ಅಪಾಯದ ವಾದಕ್ಕೆ ಹೆಚ್ಚು ಜಾಗ ಬೇಡ. ಪ್ಲಗ್ಗು ಹೊಂದುವುದಿಲ್ಲ, 600 ಓಮ್ ಬೇಕು, ಒಳಗೆ ನೂರಾರು ವೋಲ್ಟ್ ಇರುತ್ತದೆ ಎನ್ನುತ್ತಾರೆ. ಹೌದು, ಇರುತ್ತದೆ; ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಉಳಿದಿರುತ್ತದೆ, ಗೊತ್ತಿಲ್ಲದವರು ಮುಚ್ಚಳ ತೆಗೆಯಲೇಬಾರದು. ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನು ಬದಲಿಸದೆ, ಭೂಸಂಪರ್ಕ ಸರಿಪಡಿಸದೆ ವಿದ್ಯುತ್ ಕೊಡಬಾರದು. ಅಮೆರಿಕದ 117 ವೋಲ್ಟಿನ ಪೆಟ್ಟಿಗೆಯನ್ನು ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ಹೊಗೆ ಬರುತ್ತದೆ, ಇಳಿಕೆಯ ಟ್ರಾನ್ಸ್‌ಫಾರ್ಮರ್ ಬೇಕು. ಇವೆಲ್ಲ ತಂತ್ರಜ್ಞನ ದಿನನಿತ್ಯದ ಕೆಲಸ. ಕಷ್ಟವಿದೆ ಎಂಬುದಕ್ಕೂ ಪ್ರಯೋಜನವಿಲ್ಲ ಎಂಬುದಕ್ಕೂ ನಡುವೆ ಇರುವ ದೂರವನ್ನು ಈ ವಾದ ಒಂದೇ ಹೆಜ್ಜೆಯಲ್ಲಿ ದಾಟಿಬಿಡುತ್ತದೆ. ಬೆಲೆಯ ದೂರಿಗೂ ಇದೇ ಉತ್ತರ. ಹೆಸರುವಾಸಿಯಾದ ನಾಲ್ಕಾರು ಮಾದರಿಗಳ ಬೆಲೆ ಗಗನದಲ್ಲಿದೆ, ನಿಜ. ಅದೇ ಕಾರ್ಖಾನೆಯಲ್ಲಿ, ಅದೇ ಟ್ರಾನ್ಸ್‌ಫಾರ್ಮರ್ ಹಾಕಿ ಮಾಡಿದ, ಯಾವ ಪ್ರಸಿದ್ಧ ಆಲ್ಬಮ್ಮಿನ ನಂಟೂ ಇಲ್ಲದ ಲೈನ್ ಆಂಪ್ಲಿಫಯರುಗಳು ಮೂಲೆಗಳಲ್ಲಿ ಬಿದ್ದಿವೆ. ಮರುಬಳಕೆಯ ಅರ್ಥವೇ ಅವುಗಳ ಕಡೆ ನೋಡುವುದು.

ಕೊನೆಯದಾಗಿ ಗಾಜಿನ ಕಪಾಟಿನ ಪಕ್ಷ. ಇವರ ಮಾತು ಗೌರವಯುತವಾದದ್ದು: ಈ ಉಪಕರಣಗಳು ಒಂದು ಕಾಲದ ತಾಂತ್ರಿಕ ದಾಖಲೆ, ಬಿಚ್ಚಿ ಬದಲಿಸಿದರೆ ದಾಖಲೆ ಅಳಿಯುತ್ತದೆ.

ವಿ72 ಮತ್ತು ಅದರ ಬಳಗ ಹೇಗೆ ಮಾಡಿದ್ದೆಂದು ನೋಡಿದರೆ ಈ ಆತಂಕದ ಬಹುಭಾಗ ಕರಗುತ್ತದೆ. ಅವು ಕ್ಯಾಸೆಟ್ಟಿನಂತೆ ಚೌಕಟ್ಟಿನಿಂದ ಸರಕ್ಕನೆ ಎಳೆಯುವ, ಇನ್ನೊಂದನ್ನು ಸಿಕ್ಕಿಸುವ ಘಟಕಗಳು. ನೇರ ಪ್ರಸಾರದ ನಡುವೆ ಒಂದು ಕೆಟ್ಟರೆ ನಿಮಿಷದಲ್ಲಿ ಬದಲಿಸಬೇಕು, ಯಾವ ಕಾರ್ಖಾನೆಯದಾದರೂ ಅದೇ ಜಾಗದಲ್ಲಿ ಕೂರಬೇಕು ಎಂಬುದು ಜರ್ಮನ್ ಬಾನುಲಿಯ ನಿಯಮವಾಗಿತ್ತು. ಟೆಲಿಫುಂಕನ್, ಸೀಮೆನ್ಸ್, ಟಿಎಬಿ, ಮೈಹಾಕ್ ಎಲ್ಲರೂ ಅದೇ ಅಳತೆಗೆ ಮಾಡಿದರು. ತೆಗೆದು ಬೇರೆಡೆ ಕೂರಿಸಲೆಂದೇ ಹುಟ್ಟಿದ್ದನ್ನು ತೆಗೆದು ಬೇರೆಡೆ ಕೂರಿಸುವುದು ಅದರ ವಿನ್ಯಾಸಕ್ಕೆ ಮಾಡುವ ದ್ರೋಹವಲ್ಲ. ಕಪಾಟಿನಲ್ಲಿಟ್ಟ ಉಪಕರಣ ಕ್ಷೇಮವಾಗಿರುತ್ತದೆ ಎಂಬುದೂ ತಪ್ಪು ನಂಬಿಕೆ. ವಿದ್ಯುತ್ ಕಾಣದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ವರ್ಷಗಳು ಕಳೆದಂತೆ ಹಾಳಾಗುತ್ತದೆ, ಸ್ವಿಚ್ಚುಗಳ ಬಾಯಿ ಕಪ್ಪಾಗುತ್ತದೆ. ಧ್ವನಿಯೇ ಹೊರಡದ ಧ್ವನಿ ಉಪಕರಣ ಯಾವುದರ ದಾಖಲೆ?

ಒಂದು ವಿಷಯದಲ್ಲಿ ಈ ಪಕ್ಷದವರೊಡನೆ ನಾನಿದ್ದೇನೆ. ಪೂರ್ತಿ ಉಳಿದಿರುವ, ನಕ್ಷೆ ಸಮೇತ ಸಿಕ್ಕ ಒಂದು ಮಿಕ್ಸರನ್ನು ಗರಗಸ ಹಾಕಿ ಚಾನೆಲ್ ಚಾನೆಲ್ಲಾಗಿ ಮಾರುವ ವ್ಯಾಪಾರ ನನಗೆ ಸಹ್ಯವಲ್ಲ. ಅಲ್ಲಿ ನಷ್ಟವಾಗುವುದು ಭಾಗಗಳಲ್ಲ, ಅವನ್ನು ಬೆಸೆದ ಯೋಚನೆ. ಆದರೆ ಆ ಆಕ್ಷೇಪ ಸಂಗೀತ ಮುದ್ರಿಸುವವರ ಮೇಲಲ್ಲ, ಕಡಿದು ಮಾರುವವರ ಮೇಲೆ ಹೋಗಬೇಕು. ಇಡೀ ಮಿಕ್ಸರನ್ನು ಇಡಿಯಾಗಿ ಬಳಸುವವನಿಗಿಂತ ಅದನ್ನು ಚೆನ್ನಾಗಿ ಕಾಪಾಡುವವರು ಯಾರಿದ್ದಾರೆ?

ನಮ್ಮಲ್ಲಿ ಈ ಚರ್ಚೆಗೆ ಅವಸರವಿದೆ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಖಾಸಗಿ ಬಾನುಲಿ ಕೇಂದ್ರ ಆರಂಭಿಸಿ ಆಕಾಶವಾಣಿ ಎಂದು ಕರೆದ ನಾಡು ಇದು. ವಾಲ್ವುಗಳನ್ನೂ ಆಕಾಶವಾಣಿಯ ಟ್ರಾನ್ಸ್‌ಮಿಟರುಗಳನ್ನೂ ಮಾಡಿದ ಬಿಇಎಲ್ ಇರುವುದು ಬೆಂಗಳೂರಿನಲ್ಲಿ. ಆ ಉಪಕರಣಗಳನ್ನು ಬೆಸುಗೆ ಹಾಕಿದ, ಅಳೆದ, ರಾತ್ರಿಪಾಳಿಯಲ್ಲಿ ರಿಪೇರಿ ಮಾಡಿದ ತಂತ್ರಜ್ಞರು ವಯಸ್ಸಾಗಿ ನಮ್ಮ ನಡುವೆ ಇದ್ದಾರೆ. ಹರಾಜಿಗೆ ಬಂದ ಮೈಕ್ ಟ್ರಾನ್ಸ್‌ಫಾರ್ಮರಿನಲ್ಲಿ ಗುಜರಿಯವರು ನೋಡುವುದು ಒಳಗಿನ ತಾಮ್ರದ ತೂಕವನ್ನು. ಅವರಿಗೆ ಅದನ್ನು ಗುಜರಿ ಎಂದು ಹೇಳಿಕೊಟ್ಟದ್ದು ಮೇಲೆ ಕಂಡ ವಾದಗಳೇ.

ಆದ್ದರಿಂದ ಸ್ಟುಡಿಯೋದ ಹಳೆಯ ಸಾಮಾನು ವಿಲೇವಾರಿ ಮಾಡುವ ಅಧಿಕಾರಿಗಳಲ್ಲಿ ನನ್ನ ಬೇಡಿಕೆ ಇಷ್ಟೇ. ಪಟ್ಟಿಯಲ್ಲಿ ತೂಕ ಬರೆಯುವ ಮೊದಲು ಮಾದರಿಯ ಹೆಸರು ಬರೆಯಿರಿ. ಸರ್ಕ್ಯೂಟ್ ನಕ್ಷೆಯ ಕಡತವನ್ನು ಪೆಟ್ಟಿಗೆಯಿಂದ ಬೇರ್ಪಡಿಸಬೇಡಿ. ಹರಾಜಿನ ಸುದ್ದಿ ಗುಜರಿ ವ್ಯಾಪಾರಿಗಳಿಗೆ ಮುಟ್ಟುವಂತೆ ಸಂಗೀತ ಮುದ್ರಿಸುವವರಿಗೂ ಮುಟ್ಟಲಿ. ನಿವೃತ್ತ ತಂತ್ರಜ್ಞರ ಪರಿಚಯವಿರುವ ಓದುಗರು ಈ ವಾರವೇ ಅವರ ಮನೆಗೆ ಹೋಗಿ, ಯಾವ ಪೆಟ್ಟಿಗೆ ಎಲ್ಲಿದೆ, ಹೇಗೆ ಬಿಚ್ಚಬೇಕು ಎಂಬುದನ್ನು ಕೇಳಿ ಬರೆದುಕೊಳ್ಳಲಿ.